ಅಂಗೈ ಕೆಳಗಿನ ಉಸಿರು

ಬೆಳಿಗ್ಗೆ ಏಳೂವರೆಗೆ ಐಸಿಯುವಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದಾಗಲೇ ನರ್ಸ್ ದಲಂದಾಳಿಗೆ ತನ್ನ ಬಲಗೈ ಇನ್ನೂ ಕೋಟಿನ ಜೇಬಿನೊಳಗೇ ಇದೆಯೆಂದು ಗೊತ್ತಾದದ್ದು. ಬಸ್ಸಿನಲ್ಲಿ ಕಂಬಿ ಹಿಡಿದದ್ದು ಎಡಗೈಯಲ್ಲಿ, ಐನ್ ರಸ್ತೆಯ ನಾಲ್ಕನೇ ಕಿಲೋಮೀಟರಿನ ಅಂಗಡಿಯಲ್ಲಿ ಬ್ರೆಡ್ಡಿಗೆ ಚಾಚಿದ್ದೂ ಎಡಗೈಯನ್ನೇ. ಅಂಗಡಿಯ ಮುದುಕ ಮುಖ ಸಿಂಡರಿಸಿ ಬ್ರೆಡ್ಡನ್ನು ಕೈಗೆ ಕೊಡದೆ ಹಲಗೆಯ ಮೇಲಿಟ್ಟಿದ್ದ. ಮೂರು ವಾರಗಳಿಂದ ಹೀಗೇ ನಡೆದಿತ್ತು. ಕೈಗೆ ನೋವಿರಲಿಲ್ಲ, ಗಾಯವಿರಲಿಲ್ಲ. ಸ್ಫಾಕ್ಸ್ ಬಂದರು ಪಟ್ಟಣದ ಈ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಅವಳ ಹೆಸರಿಗಿಂತ ಹೆಚ್ಚು ಮಾತಾಗಿದ್ದು ಆ ಕೈಯದೇ. ಹಿಂದಿನ ದೊಡ್ಡ ಡಾಕ್ಟರು ಯಾವ ರೋಗಿಯ ಗಂಟಲಿನಿಂದಲೂ ಉಸಿರಾಟದ ಕೊಳವೆ ತೆಗೆಯುವ ಮುಂಚೆ ದಲಂದಾಳನ್ನು ಕರೀರಿ ಅನ್ನುತ್ತಿದ್ದರು. ಅವಳು ಬಂದು ರೋಗಿಯ ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ ಅಂಗೈ ಇಟ್ಟು ಎರಡು ನಿಮಿಷ ನಿಲ್ಲುತ್ತಿದ್ದಳು. ಉಸಿರಾಡ್ತಾರೆ ಅನ್ನುತ್ತಿದ್ದಳು, ಇಲ್ಲವೇ ಇವತ್ತು ಬೇಡ ಅನ್ನುತ್ತಿದ್ದಳು. ಡಾಕ್ಟರು ಹಾಗೇ ಮಾಡುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಜನ ಕೇಳುತ್ತಿದ್ದರು. ಹಿಟ್ಟು ಹದವಾಯಿತೆಂದು ನಾದುವವಳಿಗೆ ತಿಳಿಯುವುದಿಲ್ಲವೇ ಎಂದು ಒಮ್ಮೆ ಹೇಳಿದ್ದಳು. ಅದನ್ನು ಕೇಳಿ ಎಲ್ಲರೂ ನಕ್ಕಿದ್ದರು, ಆದರೆ ಆ ನಗುವಿನಲ್ಲಿ ಆಗ ಗೌರವವಿತ್ತು.

ಹಿಂದಿನವರು ನಿವೃತ್ತರಾಗಿ ಎಂಟು ತಿಂಗಳ ಹಿಂದೆ ಡಾಕ್ಟರ್ ಶಿಹಾಬ್ ಬಂದ. ನಲವತ್ತೊಂದರ ಪ್ರಾಯ, ಲಿಯಾನ್‌ನಲ್ಲಿ ಹತ್ತು ವರ್ಷ ಇದ್ದವನು. ದನಿ ಎತ್ತಿ ಮಾತಾಡಿದವನಲ್ಲ, ಊಟದ ಹೊತ್ತಿನಲ್ಲಿ ನಿಂತೇ ಡಬ್ಬಿಯ ಮೀನನ್ನು ಬ್ರೆಡ್ಡಿಗೆ ತುಂಬಿ ತಿಂದು ಮತ್ತೆ ರೋಗಿಯ ಬಳಿಗೆ ಹೋಗುವವನು. ಅವನನ್ನು ದ್ವೇಷಿಸುವುದು ಸುಲಭವಿರಲಿಲ್ಲ, ಅದೇ ಅವಳಿಗೆ ಕಷ್ಟವಾಗಿದ್ದು. ಯಂತ್ರದಿಂದ ಬಿಡಿಸುವುದಕ್ಕೆ ಅವನು ಒಂದು ಹಾಳೆ ಮಾಡಿದ್ದ. ಯಂತ್ರದ ಸಹಾಯ ಅರ್ಧ ಗಂಟೆ ನಿಲ್ಲಿಸಿ, ರೋಗಿ ನಿಮಿಷಕ್ಕೆ ಎಷ್ಟು ಉಸಿರು ಎಳೆಯುತ್ತಾನೆ, ಒಂದೊಂದು ಉಸಿರಿಗೆ ಎಷ್ಟು ಗಾಳಿ ಒಳಗೆ ಹೋಗುತ್ತದೆ ಎಂದು ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಬೇಕು. ನೂರೈದಕ್ಕಿಂತ ಕಡಿಮೆ ಬಂದರೆ ಕೊಳವೆ ತೆಗೆಯಬಹುದು, ಮೇಲೆ ಹೋದರೆ ಕಾಯಬೇಕು. ಬೇಗ ತೆಗೆದರೆ ಉಸಿರು ಸೋತು ಮತ್ತೆ ಕೊಳವೆ ಹಾಕಬೇಕಾಗುತ್ತದೆ. ಎರಡನೇ ಸಲ ಹಾಕಿಸಿಕೊಂಡವರಲ್ಲಿ ಅನೇಕರು ಮನೆಗೆ ಹೋಗುವುದಿಲ್ಲ. ತಡ ಮಾಡಿದರೆ ಅದೇ ಕೊಳವೆ ಶ್ವಾಸಕೋಶಕ್ಕೆ ಸೋಂಕು ಇಳಿಸುತ್ತದೆ. ಇದೆಲ್ಲ ಅವಳಿಗೆ ಅವನಿಗಿಂತ ಮುಂಚಿನಿಂದಲೇ ಗೊತ್ತಿತ್ತು. ಮೂರು ವಾರದ ಹಿಂದೆ, ಒಂದು ಗುರುವಾರ, ಅವನು ಎಲ್ಲರನ್ನೂ ಚಹಾದ ಕೋಣೆಯಲ್ಲಿ ಸೇರಿಸಿ ಗೋಡೆಯ ಮೇಲೆ ಒಂದು ಪಟ್ಟಿ ತೋರಿಸಿದ. ಹಳೆಯ ಎರಡು ವರ್ಷದ ಕಡತಗಳನ್ನೆಲ್ಲ ಕೂತು ಓದಿ, ಅವುಗಳಲ್ಲಿದ್ದ ಅಳತೆಗಳಿಂದ ಅಂಕಿ ಲೆಕ್ಕ ಹಾಕಿದ್ದ. ನರ್ಸಿನ ಅಭಿಪ್ರಾಯವೂ ಅಂಕಿಯೂ ಬೇರೆ ಬೇರೆಯಾದದ್ದು ಮೂವತ್ತೊಂದು ಸಲ. ಅದರಲ್ಲಿ ಹತ್ತೊಂಬತ್ತು ಸಲ ಅಂಕಿ ಹೇಳಿದ್ದೇ ಸರಿ. ಇದು ಯಾರೊಬ್ಬರ ವಿಷಯವೂ ಅಲ್ಲ ಎಂದ. ಹಾಗೆಂದ ಕೂಡಲೇ ಅಲ್ಲಿದ್ದ ಹನ್ನೊಂದು ಜನರೂ ತಮ್ಮ ತಮ್ಮ ಚಹಾದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ತಲೆ ತಗ್ಗಿಸಿದರು. ಆಮೇಲೂ ಅವನು ಮಾತಾಡುತ್ತಲೇ ಇದ್ದ, ತುಟಿಗಳು ಆಡುತ್ತಿದ್ದವು. ಅವಳ ಕಿವಿಯಲ್ಲಿ ಹತ್ತೊಂಬತ್ತು ಎಂಬುದೊಂದೇ ಉಳಿದಿತ್ತು. ಹೊರಗೆ ಬರುವಾಗ ತರಬೇತಿಯ ಹುಡುಗಿಯೊಬ್ಬಳು ಇನ್ನೊಬ್ಬಳಿಗೆ, ಮದಾಮ್ ದಲಂದಾ ಅವರ ಅಂಗೈಗೆ ಇನ್ನು ಪೆನ್ಷನ್ ಬರುತ್ತಾ ಎಂದು ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು.

ಮೂರನೇ ಹಾಸಿಗೆಯ ಫರ್ಜಾನಿ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ. ಕೆರ್ಕೆನ್ನಾ ದ್ವೀಪದ ಬೆಸ್ತ, ಎಪ್ಪತ್ತರ ಮನುಷ್ಯ. ಐವತ್ತು ವರ್ಷ ಸೇದಿದ ಸಿಗರೇಟಿನ ಮೇಲೆ ನ್ಯುಮೋನಿಯಾ ಬಂದು, ದ್ವೀಪದಿಂದ ದೋಣಿಯಲ್ಲಿ ಮಲಗಿಸಿಕೊಂಡು ತಂದಿದ್ದರು. ಯಂತ್ರದ ಮೇಲೆ ಇಂದಿಗೆ ಹತ್ತೊಂಬತ್ತು ದಿನ. ಆ ಅಂಕಿ ಅವಳನ್ನು ಬಿಡುವಂತಿರಲಿಲ್ಲ. ಬೆಳಗಿನ ಕೆಲಸಗಳನ್ನು ಅವಳು ಒಂದೊಂದಾಗಿ ಮಾಡಿದಳು. ಬಾಯಿ ಒರೆಸಿದಳು, ಕಫ ಎಳೆದಳು, ಬೆನ್ನಿಗೆ ದಿಂಬು ಕೊಟ್ಟಳು. ಕಫ ಎಳೆಯುವಾಗ ಅವನು ಕೆಮ್ಮಬೇಕಿತ್ತು, ಕೆಮ್ಮಿದ ಕೂಡ. ಆದರೆ ಅದು ದೂರದ ಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಂತಿತ್ತು. ಗಾಜಿನ ಗೋಡೆಯಾಚೆ ಅವನ ಹೆಂಡತಿ ಮಹ್ಬೂಬಾ ಬಂದು ನಿಂತಿದ್ದಳು. ತಲೆಯ ಮೇಲಿನ ಬಿಳಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ, ಗಿಡ್ಡಗಿನ, ಗಟ್ಟಿ ಹೆಂಗಸು. ಹತ್ತೊಂಬತ್ತು ದಿನವೂ ಆಸ್ಪತ್ರೆಯ ಬೆಂಚಿನ ಮೇಲೇ ಇದ್ದವಳು. ಎಂಟೂವರೆಗೆ ಡಾಕ್ಟರ್ ಶಿಹಾಬ್ ಬಂದ. ಇಬ್ಬರು ಕಿರಿಯ ಡಾಕ್ಟರುಗಳು, ಆ ತರಬೇತಿಯ ಹುಡುಗಿ ಜತೆಗಿದ್ದರು. ಯಂತ್ರದ ಸಹಾಯ ನಿಲ್ಲಿಸಿದರು. ಅರ್ಧ ಗಂಟೆ.

ಆ ಅರ್ಧ ಗಂಟೆಯಲ್ಲಿ ಮಾಡಲು ಏನೂ ಇರುವುದಿಲ್ಲ. ಒಬ್ಬ ಮನುಷ್ಯ ಉಸಿರಾಡುವುದನ್ನು ಐದು ಜನ ನಿಂತು ನೋಡುತ್ತಿರಬೇಕು, ಅಷ್ಟೆ. ದಲಂದಾ ಎಡಗೈಯಲ್ಲಿ ಹಾಸಿಗೆಯ ಅಂಚು ಹಿಡಿದಿದ್ದಳು, ಬಲಗೈ ಮತ್ತೆ ಜೇಬು ಸೇರಿತ್ತು. ಯಾವಾಗ ಬಲಗೈ ಜೇಬಿನಿಂದ ಹೊರಬಂತೋ, ಯಾವಾಗ ಹೊದಿಕೆಯ ಕೆಳಗೆ ಹೋಗಿ ಅವನ ಹೊಟ್ಟೆಯ ಮೇಲೆ ಕೂತಿತೋ ಅವಳಿಗೆ ತಿಳಿಯಲಿಲ್ಲ. ಬಿಸಿ ಚರ್ಮ. ಹೊಟ್ಟೆ ಏರಿತು, ಇಳಿಯಿತು. ಏರಿತು, ಇಳಿಯಿತು. ಏಳೆಂಟು ಉಸಿರು ಸರಿಯಾಗಿ ಬಂದವು, ಆಮೇಲೊಂದು ಬೇರೆ ಥರ ಬಂತು. ಎದೆ ಏಳುವ ಹೊತ್ತಿಗೆ ಹೊಟ್ಟೆ ಉಬ್ಬುವ ಬದಲು ಒಂದು ಕೂದಲೆಳೆಯಷ್ಟು ಒಳಗೆ ಎಳೆದುಕೊಂಡಿತು, ಭಾರ ಹೊತ್ತವನು ಹೆಜ್ಜೆ ತಪ್ಪಿದ್ದನ್ನು ಯಾರೂ ನೋಡಲಿಲ್ಲವೆಂದು ತಕ್ಷಣ ಸರಿಪಡಿಸಿಕೊಂಡಂತೆ. ಮತ್ತೆ ಏಳೆಂಟು ಸರಿಯಾದವು. ಮತ್ತೊಂದು ತಪ್ಪಿತು. ಹಿಂದಿನ ಡಾಕ್ಟರ ಕಾಲದಲ್ಲಿ ಹೀಗೇ ಖಮಯ್ಯಿಸ್ ಮೇಷ್ಟರ ಹೊಟ್ಟೆಯ ಮೇಲೂ ಅವಳು ಕೈಯಿಟ್ಟಿದ್ದಳು. ಭೂಗೋಳದ ಮೇಷ್ಟರು ಅವರು, ಗಂಟಲಲ್ಲಿ ಕೊಳವೆಯಿದ್ದರೂ ಸ್ಲೇಟಿನ ಮೇಲೆ ಬರೆದೇ ಎಲ್ಲರನ್ನೂ ನಗಿಸುತ್ತಿದ್ದರು. ಇವತ್ತು ಬೇಡ ಅಂದಿದ್ದಳು. ಮಾರನೇ ದಿನವೂ ಇವತ್ತು ಬೇಡ. ಮೂರನೇ ದಿನ ಮೇಷ್ಟರು, ನಿಮ್ಮ ಇವತ್ತು ಯಾವಾಗ ಮುಗಿಯುತ್ತದೆ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದ್ದರು. ನಾಲ್ಕನೇ ದಿನ ಜ್ವರ ಬಂತು, ಎದೆಯಲ್ಲಿ ಕೀವಾಯಿತು, ಒಂಬತ್ತನೇ ದಿನ ಹೋದರು. ಅವರ ಅಂಕಿ ಮೊದಲ ದಿನವೇ ಎಂಬತ್ತೆರಡಿತ್ತೆಂದು ಗೋಡೆಯ ಮೇಲಿನ ಪಟ್ಟಿಯಲ್ಲಿ ಇತ್ತು. ಹೆಸರಿರಲಿಲ್ಲ, ಬರೀ ಸಂಖ್ಯೆ. ಅವಳಿಗೆ ತಾರೀಖು ಸಾಕಾಗಿತ್ತು. ಈಗ ಕೈ ಹೇಳುತ್ತಿರುವುದು ಕೈಯೇ ಹೇಳುತ್ತಿದೆಯೋ, ಮೇಷ್ಟರ ದಿನ ಹೇಳಿದ್ದನ್ನೇ ರೂಢಿಯಿಂದ ಮತ್ತೆ ಹೇಳುತ್ತಿದೆಯೋ? ಇಲ್ಲ, ಇದು ಬೇರೆ. ಮೇಷ್ಟರ ಹೊಟ್ಟೆಯಲ್ಲಿ ಈ ತಪ್ಪು ಹೆಜ್ಜೆ ಇರಲಿಲ್ಲ. ಅಲ್ಲಿ ಇದ್ದದ್ದು ಅವಳ ಭಯ. ಇಲ್ಲಿ ಇರುವುದು ಅವನದೇ ಸೋಲು. ಅಷ್ಟು ಸ್ಪಷ್ಟವಾಗಿ ಅವಳಿಗೆ ಗೊತ್ತಾಯಿತು, ಮತ್ತು ಗೊತ್ತಾದ ಕೂಡಲೇ ಕೈಯನ್ನು ಕದ್ದವಳಂತೆ ಹೊರಗೆಳೆದುಕೊಂಡಳು.

ಕಿರಿಯ ಡಾಕ್ಟರುಗಳಲ್ಲೊಬ್ಬ ಲೆಕ್ಕ ಹಾಕಿ, ಎಪ್ಪತ್ತೊಂದು ಎಂದ. ಒಳ್ಳೆಯ ಅಂಕಿ. ಶಿಹಾಬ್ ಹಾಳೆಯ ಮೇಲೆ ಅದನ್ನು ಬರೆದ. ಬರೆದವನು ಪೆನ್ನು ಮುಚ್ಚದೆ ತಲೆಯೆತ್ತಿ ಅವಳ ಕಡೆ ತಿರುಗಿದ.

"ಮದಾಮ್ ದಲಂದಾ, ನೀವೇನಾದ್ರೂ ಹೇಳೋದಿದೆಯಾ?"

ಅವನು ಕೇಳಿದ್ದ. ಆಮೇಲಿನ ದಿನಗಳಲ್ಲಿ ಅವಳು ಎಷ್ಟೋ ಸಲ ಕೇಳಲಿಲ್ಲ ಎಂದುಕೊಳ್ಳಲು ನೋಡಿದಳು. ಕೇಳಿದ ಧಾಟಿಯಲ್ಲಿ ವ್ಯಂಗ್ಯವಿತ್ತು ಎಂದುಕೊಳ್ಳಲು ನೋಡಿದಳು. ಇರಲಿಲ್ಲ. ಸಾದಾ ದನಿಯಲ್ಲಿ, ಎಲ್ಲರ ಮುಂದೆ, ಕೇಳಿದ್ದ. ತರಬೇತಿಯ ಹುಡುಗಿ ತುಟಿ ಬಿಗಿಹಿಡಿದು ನಿಂತಿದ್ದಳು. ಅವಳು ನಗು ತಡೆಯುತ್ತಿದ್ದಾಳೆಂದು ದಲಂದಾಳಿಗೆ ಅನ್ನಿಸಿತು. ಹಾಳೆಯ ಕೊನೆಗೆ, ಕೈಯಿಂದ ಎಳೆದ ಒಂದು ಹೊಸ ಕಾಲಂ ಇತ್ತು, ಮೂರು ವಾರದಿಂದ ಇತ್ತು. ಅದು ಏನೆಂದು ಅವಳು ಓದಲು ಹೋಗಿರಲಿಲ್ಲ. ಗಂಟಲಿನವರೆಗೆ ಬಂದದ್ದು ಇವತ್ತು ಬೇಡ ಎಂಬ ಮಾತು. ಬಾಯಿಂದ ಬಂದದ್ದು ಬೇರೆ.

"ನನ್ನನ್ಯಾಕೆ ಕೇಳ್ತೀರ ಡಾಕ್ಟರ್. ಹಾಳೆ ಹೇಳ್ತಾ ಇದೆಯಲ್ಲ."

ಶಿಹಾಬ್‌ನ ಮುಖದಲ್ಲಿ ಏನೋ ಒಂದು ಮುಚ್ಚಿಕೊಂಡಿತು. ಅವನು ಪೆನ್ನು ಜೇಬಿಗಿಟ್ಟು, ತೆಗೆಯೋಣ ಎಂದ. ಅವಳೇ ಅಂಟುಪಟ್ಟಿ ಬಿಡಿಸಿದಳು. ಕೊಳವೆ ಹೊರಬಂತು, ಅದರ ತುದಿಯಲ್ಲಿ ಹಳದಿ ಲೋಳೆ ಇತ್ತು. ಫರ್ಜಾನಿ ಒಂದೆರಡು ಕ್ಷಣ ಸುಮ್ಮನಿದ್ದು, ಆಮೇಲೆ ಮರಳು ಕಲಸಿದಂಥ ದನಿಯಲ್ಲಿ ದೇವರ ಹೆಸರೆತ್ತಿದ. ಗಾಜಿನಾಚೆ ಮಹ್ಬೂಬಾ ಎರಡೂ ಅಂಗೈಗಳನ್ನು ಗಾಜಿಗೊತ್ತಿ ನಿಂತಿದ್ದಳು.

ಹತ್ತು ಗಂಟೆಗೆ ಅವನು ಮಾತಾಡುತ್ತಿದ್ದ. ಆ ದನಿಗೆ ಅವಳು ಸಿದ್ಧಳಾಗಿರಲಿಲ್ಲ. ಹತ್ತೊಂಬತ್ತು ದಿನ ಅವನು ಅವಳಿಗೆ ಒಂದು ಹೊಟ್ಟೆ, ಒಂದು ಎದೆ, ತಿರುಗಿಸಿ ಮಲಗಿಸಬೇಕಾದ ಒಂದು ಬೆನ್ನು ಆಗಿದ್ದ. ಈಗ ಅವನು ಅಂಕಿ ಸಂಖ್ಯೆಗಳಿಗೆ ಸಂಬಂಧವಿಲ್ಲದ ಒಬ್ಬ ತಂಟೆಕೋರ ಮುದುಕನಾಗಿಬಿಟ್ಟಿದ್ದ. ನೀರು ಬೇಕೆಂದ. ಸಂಜೆಯವರೆಗೆ ಕೊಡುವಂತಿಲ್ಲ ಎಂದು ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ಸಮುದ್ರದವನಿಗೆ ಹತ್ತಿಯಲ್ಲಿ ನೀರು ಕುಡಿಸ್ತೀರ, ನನ್ನ ಕಂಡ್ರೆ ಆಕ್ಟೋಪಸ್ಸೂ ನಗುತ್ತೆ ಎಂದ. ಉಸಿರಿಗೆ ನಿಂತು, ಅವಳ ಕೈಯ ಕಡೆ ಕಣ್ಣು ಹಾಯಿಸಿ ಹೇಳಿದ.

"ನೀನೇ ಅಲ್ವಾ ಮಗಳೇ, ಬೆಳಿಗ್ಗೆ ನನ್ನ ಹೊಟ್ಟೆ ಮೇಲೆ ಕೈಯಿಟ್ಕೊಂಡು ನಿಂತಿದ್ದವಳು? ನನ್ನ ಹೆಂಡ್ತಿಗೂ ನಾನು ಅಷ್ಟು ಸಲುಗೆ ಕೊಟ್ಟಿಲ್ಲ."

ದಲಂದಾ ನಕ್ಕಳು. ನಗು ತಾನಾಗಿ ಬಂದದ್ದು, ಮೂರು ವಾರದಲ್ಲಿ ಮೊದಲನೆಯದು. ನಿಜಕ್ಕೂ ಅವಳು ಆಗ ತನ್ನ ಕೈ ತಪ್ಪಾಗಿರಲಿ ಎಂದು ಬಯಸಿದಳು. ಇಪ್ಪತ್ತನೇ ಸಲವೂ ಹಾಳೆಯೇ ಗೆಲ್ಲಲಿ, ಈ ಮನುಷ್ಯ ದ್ವೀಪಕ್ಕೆ ಹೋಗಿ ಯಾರ ಮಾತನ್ನೂ ಕೇಳದೆ ಸಿಗರೇಟು ಹಚ್ಚಲಿ, ತಾನು ನಿವೃತ್ತಿಯವರೆಗೆ ಇನ್ನೂ ನಾಲ್ಕು ವರ್ಷ ರೋಗಿಗಳ ಬಾಯಿ ಒರೆಸಿಕೊಂಡು ಕಫ ಎಳೆದುಕೊಂಡು ಇದ್ದು ಮನೆಗೆ ಹೋಗುತ್ತೇನೆ. ಹಾಗೆ ಬಯಸುತ್ತಲೇ ಅವಳು ಅರ್ಧ ಗಂಟೆಗೊಮ್ಮೆ ಅವನ ಹೊಟ್ಟೆಯ ಕಡೆ ನೋಡುತ್ತಿದ್ದಳು. ನೋಡುವ ಕಣ್ಣು ಬಯಸುವ ಮನಸ್ಸಿನದಲ್ಲ, ಬೇರೆ ಯಾರದೋ ಎಂಬಂತೆ ಇತ್ತು.

ಹನ್ನೊಂದಕ್ಕೆ ಮಹ್ಬೂಬಾಳನ್ನು ಒಳಗೆ ಬಿಟ್ಟರು. ಅವಳು ಗಂಡನ ಹಣೆಗೆ, ಕೈಗೆ ಮುತ್ತಿಟ್ಟು ಅತ್ತಳು. ಹತ್ತು ನಿಮಿಷವಾಗುವಷ್ಟರಲ್ಲಿ ಅವರಿಬ್ಬರೂ ದಿನನಿತ್ಯದ ಗಂಡಹೆಂಡಿರಾಗಿದ್ದರು. ಪಕ್ಕದ ಹಾಸಿಗೆಯ ಔಷಧಿ ಬದಲಿಸುತ್ತಿದ್ದ ದಲಂದಾಳಿಗೆ ತುಂಡುತುಂಡಾಗಿ ಕೇಳಿಸುತ್ತಿತ್ತು. ಆಕ್ಟೋಪಸ್ಸಿನ ಹಂಗಾಮು ಶುರುವಾಗಿ ವಾರವಾಗಿತ್ತು. ಅವುಗಳನ್ನು ಹಿಡಿಯುವ ಮಡಕೆಗಳನ್ನು ಸಮುದ್ರಕ್ಕಿಳಿಸಲು ಮಹ್ಬೂಬಾ ಗಂಡನ ದೋಣಿಯನ್ನು ತನ್ನ ತಮ್ಮನಿಗೆ ಕೊಟ್ಟಿದ್ದಳು. ಫರ್ಜಾನಿಗೆ ಆ ತಮ್ಮನೆಂದರೆ ಆಗದು. ಯಾರನ್ನು ಕೇಳಿ ಕೊಟ್ಟೆ ಎಂದು ಅವನು ಕೇಳಿದ. ಗಂಟಲಿಗೆ ಕೊಳವೆ ಹಾಕ್ಕೊಂಡು ಮಲಗಿದ್ದವರನ್ನ ಹೇಗೆ ಕೇಳಬೇಕಿತ್ತು ಎಂದು ಅವಳು. ಸತ್ತೇಹೋದೆ ಅಂತ ಹಂಚ್ಕೊಂಡುಬಿಟ್ರಾ ಎಂದ. ಮಹ್ಬೂಬಾ ಎದ್ದು ನಿಂತಳು. ಹತ್ತೊಂಬತ್ತು ದಿನ ಬೆಂಚಿನ ಮೇಲೆ ಮಲಗಿ ಸೊಂಟ ಬಿದ್ದುಹೋಗಿರೋದು ಇದನ್ನ ಕೇಳೋಕೆ ಅಂತ ಗೊತ್ತಿರಲಿಲ್ಲ, ನಿಮ್ಮ ಬಾಯಿಗೆ ಆ ಕೊಳವೆಯೇ ಸರಿ ಎಂದು ಹೇಳಿ ಹೊರಟುಹೋದಳು. ಅವಳು ಹೋದ ಮೇಲೆ ಫರ್ಜಾನಿ ಬಾಗಿಲ ಕಡೆ ನೋಡುತ್ತ, ಬರ್ತಾಳೆ, ಅವಳ ಸಿಟ್ಟು ಬ್ರೆಡ್ಡು ಆರೋವರೆಗೆ ಅಷ್ಟೇ ಎಂದು ದಲಂದಾಳಿಗೆ ಹೇಳಿದ. ಆ ವಾಕ್ಯ ಹೇಳಿ ಮುಗಿಸಲು ಅವನು ಮೂರು ಸಲ ಉಸಿರು ತೆಗೆದುಕೊಂಡ. ಹತ್ತು ಗಂಟೆಗೆ ಅಂಥದೇ ವಾಕ್ಯಕ್ಕೆ ಒಂದೇ ಉಸಿರು ಸಾಕಾಗಿತ್ತು.

ಒಂದೂವರೆಗೆ ಅವನ ಹೊಟ್ಟೆ ತಪ್ಪು ಹೆಜ್ಜೆ ಹಾಕುವುದನ್ನು ತಿಳಿಯಲು ಕೈ ಬೇಕಿರಲಿಲ್ಲ, ಹೊದಿಕೆಯ ಮೇಲಿನಿಂದಲೇ ಕಾಣುತ್ತಿತ್ತು. ಎದೆ ಏಳುತ್ತಿತ್ತು, ಹೊಟ್ಟೆ ಒಳಕ್ಕೆ ಹೋಗುತ್ತಿತ್ತು. ಈಗ ಎರಡಕ್ಕೊಂದು. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿದ್ದವು. ದಲಂದಾ ಕಾಲುಗಳ ಬಳಿ ನಿಂತಿದ್ದಳು, ಕೈಯಲ್ಲಿ ತೊಳೆದ ಬೇಸಿನ್ ಇತ್ತು. ಆ ಹೊಟ್ಟೆಯನ್ನು ಕಂಡ ಕ್ಷಣ ಭಯವಾಗುವುದಕ್ಕೆ ಮುಂಚೆ, ಡಾಕ್ಟರನ್ನು ಕರೆಯಬೇಕೆಂದು ಹೊಳೆಯುವುದಕ್ಕೂ ಮುಂಚೆ, ಅವಳೊಳಗೆ ಒಂದು ಸಣ್ಣ ಬೆಚ್ಚಗಿನ ಸುಖ ಹರಡಿತು. ಚಳಿಯಲ್ಲಿ ಯಾರೋ ಭುಜದ ಮೇಲೆ ಶಾಲು ಹೊದಿಸಿದಂತೆ. ನಾನು ಹೇಳಿದ್ದೇ ಸರಿ. ಹೇಳಿರಲಿಲ್ಲ, ಆದರೂ ನನ್ನದೇ ಸರಿ. ಅದು ಇದ್ದದ್ದು ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಅದನ್ನು ಗುರುತಿಸಿದಳು, ಅದು ಏನೆಂದು ತಿಳಿದಳು, ಬೇಸಿನ್ನನ್ನು ಎಲ್ಲಿಟ್ಟಳೋ ಅವಳಿಗೆ ನೆನಪಿಲ್ಲ. ಶಿಹಾಬ್ ಓಡಿ ಬಂದ. ಮುಖಕ್ಕೆ ಮಾಸ್ಕು ಬಿಗಿದು ಗಾಳಿಯ ಒತ್ತಡ ಕೊಟ್ಟರು, ಒಂದು ಗಂಟೆ ಅದು ಸಹಾಯ ಮಾಡಿತು. ಕಫ ಎದ್ದು ಬರುತ್ತಿತ್ತು, ಉಗುಳುವಷ್ಟು ಕೆಮ್ಮು ಅವನಲ್ಲಿರಲಿಲ್ಲ. ಮೂರು ಗಂಟೆಗೆ ಉಗುರುಗಳು ಬೂದಿಬಣ್ಣಕ್ಕೆ ತಿರುಗಿದವು. ಮಾಸ್ಕು ತೆಗೆದು ಕೊಳವೆಗೆ ಅಣಿಮಾಡುವ ನಡುವಿನ ಅರ್ಧ ನಿಮಿಷದಲ್ಲಿ ಫರ್ಜಾನಿ ಡಾಕ್ಟರನ್ನು ನೋಡಲಿಲ್ಲ. ದಲಂದಾಳ ಕೈ ಹಿಡಿದ. ಅವಳು, ಎರಡು ಮೂರು ದಿನ ಅಷ್ಟೇ ಫರ್ಜಾನಿ ಕಾಕಾ, ಮತ್ತೆ ತೆಗೀತೀವಿ ಎಂದಳು. ಅವನು ತಲೆ ಅಲ್ಲಾಡಿಸಿದ್ದು ಹೂಂ ಎಂದೋ ಉಹೂಂ ಎಂದೋ ತಿಳಿಯುವ ಮುಂಚೆ ಮದ್ದು ಅವನನ್ನು ಮಲಗಿಸಿತು. ಮಹ್ಬೂಬಾ ಮರಳಿ ಬಂದಾಗ ಅವಳ ಕೈಯಲ್ಲಿ ಎರಡು ಕಿತ್ತಳೆ ಹಣ್ಣುಗಳಿದ್ದವು, ಯಂತ್ರ ಬೆಳಗಿನಂತೆಯೇ ಸದ್ದು ಮಾಡುತ್ತಿತ್ತು.

ಆ ಸಂಜೆ ಶಿಹಾಬ್ ಹಾಳೆ ತುಂಬಿಸುತ್ತ ಕೂತಿದ್ದ. ಅವಳು ಪಾಳಿ ಮುಗಿಸಿ ಹೊರಡುವಾಗ ನಿಲ್ಲಿಸಿ, ಬೆಳಿಗ್ಗೆ ನಿಮ್ಮ ಕೈಗೆ ಏನಾದರೂ ಗೊತ್ತಾಗಿತ್ತಾ ಎಂದು ಕೇಳಿದ. ಎಪ್ಪತ್ತೊಂದು ಇರುವ ನೂರು ಜನರಲ್ಲಿ ಎಂಬತ್ತೈದು ಜನ ಉಸಿರಾಡುತ್ತಾರೆ, ಉಳಿದ ಹದಿನೈದು ಜನರನ್ನು ಅಂಕಿ ಗುರುತಿಸುವುದಿಲ್ಲ, ಆ ಹದಿನೈದನ್ನು ಬೇರೆ ಯಾವುದಾದರೂ ಗುರುತಿಸುತ್ತದೆಯೇ ಎಂದೇ ನಾನು ಈ ಕಾಲಂ ಎಳೆದದ್ದು, ಆವತ್ತು ಸಭೆಯಲ್ಲಿ ಹೇಳಿದ್ದೆನಲ್ಲ ಎಂದ. ಹನ್ನೆರಡು ಸಲ ಹಾಳೆ ಸೋತು ನಿಮ್ಮ ಕೈ ಗೆದ್ದಿತ್ತು, ನನಗೆ ಬೇಕಾಗಿರುವುದು ಆ ಹನ್ನೆರಡು ಎಂದ. ಅವಳಿಗೆ ಆ ಚಹಾದ ಕೋಣೆ ನೆನಪಾಯಿತು. ಲೋಟಗಳು, ತಗ್ಗಿಸಿದ ತಲೆಗಳು, ಆಡುತ್ತಿದ್ದ ಅವನ ತುಟಿಗಳು. ಆ ತುಟಿಗಳು ಆಡಿದ್ದು ಇದನ್ನೇ. ಮೂರು ವಾರದಿಂದ ಖಾಲಿ ಬಿಟ್ಟಿದ್ದ ಕಾಲಮಿನ ನೆತ್ತಿಯ ಮೇಲೆ ಅವಳ ಹೆಸರೇ ಇತ್ತು. ಈಗ ಹೇಳಿದರೆ, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಿದ ಹಾಗಾಗುತ್ತದೆ. ಇಲ್ಲ ಡಾಕ್ಟರ್, ಏನೂ ಗೊತ್ತಾಗಿರಲಿಲ್ಲ ಎಂದಳು. ಅವನು ಕಾಲಮಿನಲ್ಲಿ ಒಂದು ಅಡ್ಡಗೆರೆ ಎಳೆದ.

ಎಂಟು ದಿನ ಫರ್ಜಾನಿ ಇದ್ದ. ಕಣ್ಣು ತೆರೆಯುವುದು ದಿನದಿನಕ್ಕೆ ಕಡಿಮೆಯಾಯಿತು. ಪಟ್ಟಣಕ್ಕೆಲ್ಲ ಗಾಣದ ಹೊಸ ಎಣ್ಣೆಯ ವಾಸನೆ ಬರುವ ದಿನಗಳವು. ಅವಳು ಮನೆಯಲ್ಲಿ ಒಲಿವ್ ಆರಿಸುತ್ತ ಕೂತಾಗ ತಂಗಿ, ಎಡಗೈಯಲ್ಲಿ ಯಾಕೆ ಆರಿಸ್ತೀಯೇ ಎಂದು ಕೇಳಿದಳು. ಅವಳಿಗೆ ಕೈಯ ನೆನಪಾಗುತ್ತಿದ್ದುದು ಅವನ ಹೊಟ್ಟೆಯಿಂದಲ್ಲ, ಆ ಸುಖದಿಂದ. ಎರಡು ಉಸಿರಿನಷ್ಟು ಹೊತ್ತಿನ ಸುಖ. ಅದು ಎಲ್ಲಿತ್ತು ಮುಂಚೆ? ಮೇಷ್ಟರ ಹಾಸಿಗೆಯ ಬಳಿಯೂ ಇತ್ತೇ? ಇಪ್ಪತ್ತಾರು ವರ್ಷ ಇವತ್ತು ಬೇಡ ಅಂದಾಗಲೆಲ್ಲ, ಇಡೀ ಕೋಣೆ ತನ್ನ ಮಾತಿಗೆ ಕಾದು ನಿಲ್ಲುತ್ತಿದ್ದ ಆ ಎರಡು ನಿಮಿಷಗಳಲ್ಲೆಲ್ಲ ಅದೇ ಇತ್ತೇ? ಒಂಬತ್ತನೇ ದಿನ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಮೂರನೇ ಹಾಸಿಗೆಗೆ ಹೊಸ ಬಟ್ಟೆ ಹಾಕಿದ್ದರು.

ಮಹ್ಬೂಬಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಹೆಣವನ್ನು ತೊಳೆದು ಸುತ್ತಿ ಆಗಿತ್ತು. ಮಧ್ಯಾಹ್ನ ಒಂದು ಗಂಟೆಯ ದೋಣಿಗೆ ಒಯ್ಯಲು ಅವಳ ತಮ್ಮ ಗಾಡಿ ತರಲು ಹೋಗಿದ್ದ. ದಲಂದಾ ಅವಳ ಬಳಿ ಕೂತು, ದೇವರು ಅವರನ್ನು ಕರುಣೆಯಿಂದ ನೋಡಲಿ ಎಂದು ಎಲ್ಲರೂ ಹೇಳುವುದನ್ನು ಹೇಳಿದಳು. ಮಹ್ಬೂಬಾ ಅದಕ್ಕೆ ಎಲ್ಲರೂ ಹೇಳುವ ಉತ್ತರ ಕೊಡಲಿಲ್ಲ. ಅವಳ ಕಡೆ ತಿರುಗಿ ಕೂತಳು.

"ಆವತ್ತು ನೀನು ಅವರ ಹೊಟ್ಟೆ ಮೇಲಿಂದ ಕೈ ತೆಗೆದೆಯಲ್ಲ, ಗಾಜಿನ ಆಚೆಯಿಂದ ನಿನ್ನ ಮುಖ ನೋಡಿದೆ. ನಾವು ಸಮುದ್ರದವರು, ಮೋಡ ನೋಡ್ತಾ ಬದುಕಿದವರು. ನಿನಗೆ ಗೊತ್ತಿತ್ತು ಅಲ್ವಾ?"

ಇಲ್ಲಮ್ಮ ಎನ್ನಬಹುದಿತ್ತು. ಡಾಕ್ಟರಿಗೆ ಹಾಗೆಂದಿದ್ದಳು, ಒಮ್ಮೆ ಹೇಳಿದ ಮಾತು ಎರಡನೇ ಸಲಕ್ಕೆ ಸುಲಭ. ಆದರೆ ಆ ಹೆಂಗಸಿನ ಬಾಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕಾದದ್ದನ್ನು ತಿಳಿದುಕೊಂಡು ಹೋಗೋಣ ಎಂಬಂತಿತ್ತು.

"ಗೊತ್ತಿತ್ತು" ಎಂದಳು ದಲಂದಾ.

ಮಹ್ಬೂಬಾ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂದು ಅವಳು ಕಾದಳು. ಹೇಳಲು ಅವಳ ಬಳಿ ಇದ್ದದ್ದು ಚಹಾದ ಲೋಟಗಳು, ಒಬ್ಬಳು ಹುಡುಗಿಯ ತುಟಿ, ಒಂದು ಅಂಕಿ. ಅವನ್ನೆಲ್ಲ ಒಂದು ಜೀವದ ಎದುರಿಗೆ ಇಡುವುದು ಹೇಗೆ? ಮಹ್ಬೂಬಾ ಅದನ್ನು ಕೇಳಲೇ ಇಲ್ಲ.

"ಅವರು ಹೋಗೋದು ಹೋಗ್ತಿದ್ರೇನೋ, ಅದು ದೇವರ ಕೈಲಿರೋದು" ಎಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಒಂದು ಮಾತು ನನ್ನ ಕಿವೀಲಿ ಹೇಳಿದ್ರೆ ಸಾಕಿತ್ತು ಮಗಳೇ. ಹೊತ್ತು ಜಾಸ್ತಿ ಇಲ್ಲ ಅಂತ. ದೋಣಿ ಇವತ್ತೇ ವಾಪಸ್ ಇಸ್ಕೋತೀನಿ ಅಂತ ಅಂದುಬಿಡ್ತಿದ್ದೆ. ನಾನಂದ ಆ ಕೊಳವೆ ಮಾತೇ ಅವರು ನೆಟ್ಟಗೆ ಎಚ್ಚರವಿದ್ದಾಗ ನನ್ನಿಂದ ಕೇಳಿದ ಕೊನೇ ಮಾತಾಯ್ತು."

ತಮ್ಮ ಬಂದು ಗಾಡಿ ಬಂತೆಂದ. ಮಹ್ಬೂಬಾ ಎದ್ದಳು, ಸೊಂಟ ಹಿಡಿದುಕೊಂಡು ಎರಡು ಹೆಜ್ಜೆ ಬಾಗಿ ನಡೆದು ಆಮೇಲೆ ನೆಟ್ಟಗಾದಳು. ಬೈಯಲಿಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. ದಲಂದಾ ಬೆಂಚಿನ ಮೇಲೆ, ಆ ಹೆಂಗಸಿನ ಮೈಯಿಂದ ಇನ್ನೂ ಬೆಚ್ಚಗಿದ್ದ ಜಾಗದ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ನೇರವಾಗಿ ಶಿಹಾಬ್‌ನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡು ನಿಂತು, ಮೂರನೇ ಹಾಸಿಗೆಯ ಕಾಲಂನಲ್ಲಿ ನೀವು ಎಳೆದ ಗೆರೆ ಸುಳ್ಳು ಎಂದಳು. ಹೊಟ್ಟೆ ಹೇಗೆ ಒಳಗೆ ಎಳೆಯುತ್ತಿತ್ತು, ಎಷ್ಟು ಉಸಿರಿಗೊಮ್ಮೆ, ಕೆಮ್ಮು ಹೇಗಿತ್ತು ಎಲ್ಲವನ್ನೂ ಹೇಳಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ತನ್ನ ಕೈಗೆ ಗೊತ್ತಾಗುವುದನ್ನು ಮಾತಿನಲ್ಲಿ ಹೇಳುತ್ತಿದ್ದೇನೆ, ಅದು ಹೇಳಲಾಗದಂಥ ಗುಟ್ಟೇನೂ ಆಗಿರಲಿಲ್ಲ ಎಂದು ಹೇಳುತ್ತಿರುವಾಗಲೇ ಅವಳಿಗೆ ತಿಳಿಯಿತು. ನೀವು ಕೇಳಿದಾಗ ನಾನು ನಿಮ್ಮನ್ನು ಚುಚ್ಚಲು ಹಾಗಂದೆ ಎಂದೂ ಹೇಳಿದಳು. ಆ ಸುಖದ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ಯಾರಿಗೂ ಹೇಳಲಾಗುವುದಿಲ್ಲ.

ಶಿಹಾಬ್ ಕನ್ನಡಕ ತೆಗೆದು ಕಡತದ ಮೇಲಿಟ್ಟ. ಕನ್ನಡಕವಿಲ್ಲದ ಅವನ ಮುಖ ಪರೀಕ್ಷೆಯಲ್ಲಿ ಫೇಲಾದ ಹುಡುಗನದಂತೆ ಕಾಣುತ್ತಿತ್ತು.

"ನಾನೂ ನಿಮ್ಮ ಮುಖ ನೋಡಿದ್ದೆ" ಎಂದ. "ನೋಡಿಯೇ ಕೇಳಿದ್ದು. ನೀವು ಹಾಳೆ ಅಂದ್ರಿ. ಅಷ್ಟು ಜನರ ಎದುರಿಗೆ."

ಅವನು ಮೇಜಿನ ಮೇಲಿನ ಪೆನ್ನು ಎತ್ತಿಕೊಂಡ.

"ಸಂಜೆವರೆಗೆ ಕಾದು ನೋಡೋಣ ಅಂತ ಬಾಯಿಗೆ ಬಂದಿತ್ತು ಮದಾಮ್. ಸಿಟ್ಟು ಬಂತು. ತೆಗೆಯೋಣ ಅಂದುಬಿಟ್ಟೆ."

ಕಿಟಕಿಯಾಚೆ ಆಂಬುಲೆನ್ಸ್‌ಗಳು ನಿಲ್ಲುವ ಅಂಗಳದಲ್ಲಿ ಯಾರೋ ಮೊಪೆಡ್ ಚಾಲೂ ಮಾಡಲು ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಶಿಹಾಬ್ ಹಾಳೆ ಹುಡುಕಿ ತೆಗೆದು ಗೆರೆಯ ಪಕ್ಕದಲ್ಲಿ ಅವಳು ಹೇಳಿದ್ದನ್ನು ಬರೆದ. ಬರೆದು ಮುಗಿದ ಮೇಲೂ ಪೆನ್ನು ಹಿಡಿದೇ ಇದ್ದ. ತನ್ನ ಸಿಟ್ಟಿನ ಮಾತನ್ನು ಎಲ್ಲಿ ಬರೆಯಬೇಕೆಂದು ನೋಡುತ್ತಿದ್ದಾನೆಂದು ಅವಳಿಗೆ ಅನ್ನಿಸಿತು. ಅದಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಅಷ್ಟರಲ್ಲಿ ಕಿರಿಯ ಡಾಕ್ಟರೊಬ್ಬ ಬಾಗಿಲು ತಟ್ಟಿ, ಆರನೇ ಹಾಸಿಗೆಯ ಅರ್ಧ ಗಂಟೆ ಮುಗಿಯುತ್ತ ಬಂತು ಎಂದ.

ಆರರಲ್ಲಿ ಇದ್ದವಳು ಮೂವತ್ತರ ಹೆಂಗಸು, ಹೆಸರು ಉಮೈಮಾ, ಆಸ್ತಮಾ ಕೆರಳಿ ಬಂದವಳು. ಅಂಕಿ ನೂರಾಹನ್ನೆರಡು. ತೆಗೆಯಬಾರದ ಅಂಕಿ. ಅವಳ ಸುತ್ತ ನಿಂತಿದ್ದವರೂ ಫರ್ಜಾನಿಯ ಸುತ್ತ ನಿಂತವರೇ, ತರಬೇತಿಯ ಹುಡುಗಿಯೂ ಇದ್ದಳು. ದಲಂದಾ ಬಲಗೈ ಚಾಚಿ ಹೊಟ್ಟೆಯ ಮೇಲಿಟ್ಟಳು. ಉಸಿರು ಬೇಗಬೇಗ ಬರುತ್ತಿತ್ತು, ಹೆದರಿದವಳ ಉಸಿರು. ಆದರೆ ಪ್ರತಿ ಸಲವೂ ಹೊಟ್ಟೆ ಉಬ್ಬುತ್ತಿತ್ತು, ಒಂದೂ ತಪ್ಪಲಿಲ್ಲ. ಅವಳು ಎರಡು ನಿಮಿಷಕ್ಕೆ ನಿಲ್ಲಿಸದೆ ಐದು ನಿಮಿಷ ನಿಂತಳು. ಇಡೀ ಕೋಣೆ ತನ್ನ ಮಾತಿಗೆ ಕಾಯುತ್ತಿದೆಯೆಂದು ಗೊತ್ತಾಯಿತು, ಅದರಲ್ಲಿ ಈಗ ಸುಖವಿರಲಿಲ್ಲ. ಇದೆಯೇ ಎಂದು ಹುಡುಕಿದಳು, ಸಿಗಲಿಲ್ಲ. ಸಿಗಲಿಲ್ಲವೆಂಬುದನ್ನೂ ನಂಬಲಾಗಲಿಲ್ಲ. ಶಿಹಾಬ್ ಪೆನ್ನು ಹಿಡಿದು ಅವಳನ್ನೇ ನೋಡುತ್ತಿದ್ದ.

"ಉಸಿರಾಡ್ತಾಳೆ ಅನ್ನಿಸುತ್ತೆ" ಎಂದಳು. "ಅಂಕಿ ಜಾಸ್ತಿ ಆಗಿರೋದು ಭಯಕ್ಕೆ. ಹೊಟ್ಟೆ ಒಂದು ಸಲಾನೂ ತಪ್ಪಿಲ್ಲ. ಕೆಮ್ಮು ಗಟ್ಟಿ ಇದೆ. ಹೀಗೇ ಬರ್ಕೊಳ್ಳಿ."

"ಖಂಡಿತಾನಾ?"

"ಖಂಡಿತ ಅಲ್ಲ ಡಾಕ್ಟರ್."

ಅವನು ಅದನ್ನೂ ಬರೆದ. ಆಮೇಲೆ ಒಮ್ಮೆ ಹಾಳೆಯನ್ನು, ಒಮ್ಮೆ ಉಮೈಮಾಳನ್ನು ನೋಡಿ, ತೆಗೆಯೋಣ ಎಂದ. ಕೊಳವೆ ಹೊರಬಂತು. ಉಮೈಮಾ ಜೋರಾಗಿ ಕೆಮ್ಮಿ, ಬಾಯಿ ತೆರೆದು ಗಾಳಿ ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ಕಿರಿಯ ಡಾಕ್ಟರುಗಳು ಮುಂದಿನ ಹಾಸಿಗೆಗೆ ಹೋದರು. ತರಬೇತಿಯ ಹುಡುಗಿ ಎರಡು ಕುರ್ಚಿ ತಂದು ಹಾಕಿ ಹೋದಳು. ದಲಂದಾ ಒಂದು ಪಕ್ಕದಲ್ಲಿ, ಶಿಹಾಬ್ ಇನ್ನೊಂದು ಪಕ್ಕದಲ್ಲಿ, ಇಬ್ಬರೂ ಕೂರಲಿಲ್ಲ, ಅವಳ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ನಿಂತರು.